ಪಟ್ಟಿಯಲ್ಲಿ ಹೆಸರಿಲ್ಲದ ಕಾಯಿಲೆ: ಮಜ್ಜೆ ವೈಫಲ್ಯದ ರೋಗಿಗಳೂ ಕಾನೂನಿನ ಆಸರೆಯೂ

ಎಲುಬಿನ ಒಳಗಿರುವ ಮಜ್ಜೆಯು ಕೆಂಪು ರಕ್ತಕಣ, ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್‌ಗಳನ್ನು ಬೇಕಾದಷ್ಟು ತಯಾರಿಸಲಾರದ ಸ್ಥಿತಿಗೆ ಬಂದಾಗ ತಲೆದೋರುವ ಕಾಯಿಲೆಗಳನ್ನು ಒಟ್ಟಾಗಿ ಅಸ್ಥಿಮಜ್ಜೆ ವೈಫಲ್ಯ ಎಂದು ಕರೆಯುತ್ತಾರೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ಮಜ್ಜೆಯ ಮೂಲಕೋಶಗಳನ್ನು ನಾಶಮಾಡುವುದರಿಂದ ಹೆಚ್ಚಾಗಿ ಉಂಟಾಗುವ ಅಪ್ಲಾಸ್ಟಿಕ್ ಅನೀಮಿಯಾ, ಮುಖ್ಯವಾಗಿ ವಯಸ್ಸಾದವರಲ್ಲಿ ಕಾಣಿಸಿಕೊಂಡು ವಿಕೃತ ರಕ್ತಕಣಗಳನ್ನು ಹುಟ್ಟಿಸುವ ಮೈಲೋಡಿಸ್‌ಪ್ಲಾಸ್ಟಿಕ್ ಸಿಂಡ್ರೋಮ್ ಅಥವಾ ಎಂಡಿಎಸ್, ವಂಶವಾಹಿಯ ದೋಷದಿಂದ ಮಕ್ಕಳಿಗೆ ಬರುವ ಫ್ಯಾಂಕೋನಿ ಅನೀಮಿಯಾ ಇವುಗಳಲ್ಲಿ ಮುಖ್ಯವಾದವು. ಕೆಂಪು ಕಣ ಕಡಿಮೆಯಾದರೆ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬರುತ್ತದೆ, ಬಿಳಿ ಕಣ ಕಡಿಮೆಯಾದರೆ ಸಣ್ಣ ಜ್ವರವೂ ಪ್ರಾಣಕ್ಕೆ ಎರವಾಗಬಹುದು, ಪ್ಲೇಟ್‌ಲೆಟ್ ಇಳಿದರೆ ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಒಸರುತ್ತದೆ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ರಕ್ತ ಏರಿಸಿಕೊಳ್ಳಬೇಕಾದ, ದುಬಾರಿ ಔಷಧ ಅಥವಾ ಮಜ್ಜೆ ಕಸಿಗೆ ಹಣ ಹೊಂದಿಸಬೇಕಾದ ಈ ರೋಗಿಗಳಿಗೆ ಕಾನೂನು ಏನು ಕೊಡುತ್ತದೆ ಎಂಬುದು ಮುಂಬೈಯ ಮಲಾಡ್‌ನಂಥ ಉಪನಗರದ ಕನ್ನಡ ಕುಟುಂಬಗಳಿಗೂ ತಿಳಿದಿರಬೇಕಾದ ವಿಷಯ.

ಮೊದಲ ತೊಡಕು ಪಟ್ಟಿಗಳದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಹೆಸರಿಸುವ 21 ವೈಕಲ್ಯಗಳಲ್ಲಿ ರಕ್ತಕ್ಕೆ ಸಂಬಂಧಿಸಿದವು ಹಿಮೋಫೀಲಿಯಾ, ಥಲಸ್ಸೀಮಿಯಾ ಮತ್ತು ಸಿಕಲ್ ಸೆಲ್ ಕಾಯಿಲೆ, ಈ ಮೂರು ಮಾತ್ರ. ಹೀಗಾಗಿ ಅಪ್ಲಾಸ್ಟಿಕ್ ಅನೀಮಿಯಾ ಇದೆಯೆಂಬ ಒಂದೇ ಕಾರಣಕ್ಕೆ ವೈಕಲ್ಯ ಪ್ರಮಾಣಪತ್ರ ಸಿಗುವುದಿಲ್ಲ. ಸ್ಟೀರಾಯ್ಡ್ ಚಿಕಿತ್ಸೆಯಿಂದ ಸೊಂಟದ ಕೀಲು ಹಾಳಾದಂಥ ಸಂದರ್ಭದಲ್ಲಿ ಚಲನ ವೈಕಲ್ಯದ ಅಡಿಯಲ್ಲಿ ಅರ್ಜಿ ಹಾಕಬಹುದಷ್ಟೆ. ಆದರೆ ಅಲ್ಲಿಗೇ ಎಲ್ಲ ಬಾಗಿಲೂ ಮುಚ್ಚಿತೆಂದು ತಿಳಿಯುವುದು ತಪ್ಪು. ದೀರ್ಘಕಾಲದ ನ್ಯೂನತೆಯಿಂದಾಗಿ ಸಮಾಜದಲ್ಲಿ ಇತರರಿಗೆ ಸಮನಾಗಿ ಭಾಗವಹಿಸಲು ಅಡಚಣೆಯಾಗುವ ವ್ಯಕ್ತಿಯನ್ನು ಅದೇ ಕಾಯ್ದೆ ಅಂಗವಿಕಲ ವ್ಯಕ್ತಿಯೆಂದು ವಿಶಾಲವಾಗಿ ವ್ಯಾಖ್ಯಾನಿಸುತ್ತದೆ. ಅಂಥವರಿಗೆ ಸಮುಚಿತ ಅನುಕೂಲ ಕಲ್ಪಿಸಲು ಶೇಕಡಾ 40ರಷ್ಟು ವೈಕಲ್ಯವಿರಬೇಕೆಂಬ ಮಾನದಂಡ ಕಡ್ಡಾಯವಲ್ಲವೆಂದು ವಿಕಾಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಸೋಂಕಿನ ಭಯವಿರುವ ವಿದ್ಯಾರ್ಥಿಗೆ ಪರೀಕ್ಷಾ ಕೇಂದ್ರದಲ್ಲಿ ಪ್ರತ್ಯೇಕ ಆಸನ ಕೇಳುವ ಕುಟುಂಬಕ್ಕೆ ಈ ತೀರ್ಪು ವಾದದ ನೆಲೆಯಾಗಬಲ್ಲದು.

ಅಪ್ಲಾಸ್ಟಿಕ್ ಅನೀಮಿಯಾ ಎಂಬ ಹೆಸರನ್ನೇ ಬರೆದುಕೊಂಡಿರುವ ಪಟ್ಟಿಯೊಂದು ರೈಲ್ವೆಯದು, ಮತ್ತು ಇದು ಬಹಳ ಮಂದಿಗೆ ಗೊತ್ತಿಲ್ಲ. ಮಾನ್ಯತೆ ಪಡೆದ ಆಸ್ಪತ್ರೆಗೆ ಚಿಕಿತ್ಸೆಗಾಗಿ ಇಲ್ಲವೇ ನಿಯತ ತಪಾಸಣೆಗಾಗಿ ಹೋಗುವ ಈ ರೋಗಿಗಳಿಗೆ ಸ್ಲೀಪರ್, ಎಸಿ ಚೇರ್ ಕಾರ್, ಎಸಿ ತ್ರೀ ಟಯರ್ ಮತ್ತು ಎಸಿ ಟೂ ಟಯರ್ ದರ್ಜೆಗಳಲ್ಲಿ ಅರ್ಧ ದರದ ರಿಯಾಯಿತಿ ಇದೆ. 2020ರ ಮಾರ್ಚ್‌ನಲ್ಲಿ ಹಿರಿಯ ನಾಗರಿಕರದೂ ಸೇರಿ ಹಲವು ರಿಯಾಯಿತಿಗಳು ನಿಂತುಹೋದಾಗಲೂ ರೋಗಿಗಳ ರಿಯಾಯಿತಿಯನ್ನು ಉಳಿಸಿಕೊಳ್ಳಲಾಯಿತು. ನಿಗದಿತ ನಮೂನೆಯಲ್ಲಿ ಆಸ್ಪತ್ರೆಯ ವೈದ್ಯರು ಸಹಿ ಹಾಕಿದ ಪ್ರಮಾಣಪತ್ರ ಇದಕ್ಕೆ ಬೇಕಾಗುತ್ತದೆ. ಮಂಗಳೂರಿಗೋ ವೆಲ್ಲೂರಿಗೋ ಮತ್ತೆ ಮತ್ತೆ ಹೋಗಿಬರುವ ಕುಟುಂಬಕ್ಕೆ ಈ ಉಳಿತಾಯ ಸಣ್ಣದಲ್ಲ.

ರಕ್ತದ ವಿಷಯಕ್ಕೆ ಬಂದರೆ ಹಕ್ಕು ಇನ್ನೂ ಗಟ್ಟಿಯಾದುದು. ಕಾಮನ್ ಕಾಸ್ ಸಂಸ್ಥೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟ ತೀರ್ಪಿನ ಫಲವಾಗಿ ಹಣಕ್ಕೆ ರಕ್ತ ಕೊಡುವ ಪದ್ಧತಿ 1998ರ ಜನವರಿ 1ರಿಂದ ನಿಷೇಧಗೊಂಡಿತು. ಇಂದು ರಕ್ತನಿಧಿ ಪಡೆಯಬಹುದಾದದ್ದು ರಕ್ತದ ಬೆಲೆಯನ್ನಲ್ಲ, ಅದನ್ನು ಪರೀಕ್ಷಿಸಿ ಸಂಸ್ಕರಿಸುವ ಶುಲ್ಕವನ್ನು ಮಾತ್ರ. 2022ರ ಮಾರ್ಗಸೂಚಿಯಂತೆ ಒಂದು ಯೂನಿಟ್ ಕೆಂಪು ರಕ್ತಕಣಕ್ಕೆ ಸರ್ಕಾರಿ ರಕ್ತನಿಧಿಯಲ್ಲಿ 1,100 ರೂಪಾಯಿ, ಖಾಸಗಿಯಲ್ಲಿ 1,550 ರೂಪಾಯಿ ಗರಿಷ್ಠ ಮಿತಿ. ಇದಕ್ಕಿಂತಲೂ ಮುಖ್ಯವಾದ ಮಾತೊಂದು ರಾಷ್ಟ್ರೀಯ ರಕ್ತಪೂರಣ ಮಂಡಳಿಯ ಮಾರ್ಗಸೂಚಿಯಲ್ಲಿದೆ: ಉಚಿತ ರಕ್ತಕ್ಕೆ ಅರ್ಹರಾದವರಲ್ಲಿ ಥಲಸ್ಸೀಮಿಯಾ, ಹಿಮೋಫೀಲಿಯಾ ಮತ್ತು ಸಿಕಲ್ ಸೆಲ್ ರೋಗಿಗಳ ಜೊತೆಗೆ, ಪದೇ ಪದೇ ರಕ್ತಪೂರಣ ಬೇಕಾಗುವ ಇತರ ರಕ್ತವಿಕಾರಗಳವರನ್ನೂ ಅದು ಸೇರಿಸಿದೆ. ಮಜ್ಜೆ ವೈಫಲ್ಯದವರು ಈ ಕೊನೆಯ ಗುಂಪಿಗೆ ಸಲ್ಲುತ್ತಾರೆ. ಆದ್ದರಿಂದ ವೈದ್ಯರ ಚೀಟಿಯಲ್ಲಿ ಬರೀ ‘ಅನೀಮಿಯಾ’ ಎಂದಿದ್ದರೆ ಸಾಲದು. ರಕ್ತನಿಧಿಯ ಗುಮಾಸ್ತರು ಅದನ್ನು ಕಬ್ಬಿಣದ ಕೊರತೆಯ ಸಾಮಾನ್ಯ ರಕ್ತಹೀನತೆಯೆಂದು ಓದುವ ಸಂಭವವೇ ಹೆಚ್ಚು. ಕಾಯಿಲೆಯ ಪೂರ್ಣ ಹೆಸರು, ಮಜ್ಜೆ ಪರೀಕ್ಷೆಯ ದಿನಾಂಕ, ತಿಂಗಳಿಗೆ ಎಷ್ಟು ಯೂನಿಟ್ ಬೇಕಾಗುತ್ತದೆ ಎಂಬ ಅಂದಾಜು, ‘ಪದೇ ಪದೇ ರಕ್ತಪೂರಣ ಅಗತ್ಯ’ ಎಂಬ ಒಕ್ಕಣೆ, ಈ ನಾಲ್ಕೂ ಇರುವ ಪತ್ರವನ್ನು ಬರೆಸಿಕೊಂಡು ಮೊದಲು ಸರ್ಕಾರಿ ಅಥವಾ ಪಾಲಿಕೆಯ ರಕ್ತನಿಧಿಯನ್ನು ಕೇಳುವುದು ಲೇಸು.

ಚಿಕಿತ್ಸೆಯ ವೆಚ್ಚಕ್ಕೆ ಮಹಾರಾಷ್ಟ್ರದಲ್ಲಿರುವ ದೊಡ್ಡ ಆಸರೆ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ. 2012ರಲ್ಲಿ ರಾಜೀವ್ ಗಾಂಧಿ ಜೀವನದಾಯಿ ಆರೋಗ್ಯ ಯೋಜನೆ ಎಂಬ ಹೆಸರಿನಲ್ಲಿ ಆರಂಭವಾದ ಇದು ಈಗ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ರಕ್ಷಣೆ ನೀಡುತ್ತದೆ. ಹಳದಿ, ಕೇಸರಿ ರೇಷನ್ ಕಾರ್ಡುದಾರರಿಗೆ ಮಾತ್ರವಲ್ಲದೆ ಬಿಳಿ ಕಾರ್ಡುದಾರರಿಗೂ ವಿಸ್ತರಿಸಿದೆ. ಕನ್ನಡ ಕುಟುಂಬಗಳು ಎಡವುವುದು ಇಲ್ಲಿಯೇ. ಇಪ್ಪತ್ತು ವರ್ಷದಿಂದ ಮಲಾಡ್‌ನಲ್ಲಿ ದುಡಿಯುತ್ತಿದ್ದರೂ ರೇಷನ್ ಕಾರ್ಡು ಮಾತ್ರ ಉಡುಪಿಯಲ್ಲೋ ಕಲಬುರಗಿಯಲ್ಲೋ ಇದ್ದರೆ ಈ ರಾಜ್ಯದ ಯೋಜನೆಯ ನೆರವು ಸಿಗದೆ ಹೋಗುತ್ತದೆ. ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆ ಅಕ್ಕಿ-ಗೋಧಿ ಪಡೆಯುವುದಕ್ಕೆ ಮಾತ್ರ ಅನ್ವಯಿಸುತ್ತದೆಯೇ ಹೊರತು ರಾಜ್ಯದ ಆರೋಗ್ಯ ಯೋಜನೆಗಲ್ಲ. ಊರಿನ ಕಾರ್ಡಿನಿಂದ ಹೆಸರು ತೆಗೆಸಿ ಇಲ್ಲಿ ಹೊಸದಾಗಿ ಕಾರ್ಡು ಮಾಡಿಸುವ ಕೆಲಸಕ್ಕೆ ವಾರಗಳೇ ಹಿಡಿಯುವುದರಿಂದ, ಕಾಯಿಲೆ ಗೊತ್ತಾದ ದಿನವೇ ಅದಕ್ಕೆ ಕೈಹಾಕುವುದು ವಿವೇಕ. ಇದಕ್ಕೆ ಭಿನ್ನವಾಗಿ, ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯ ಅರ್ಹತೆ ಕರ್ನಾಟಕದಲ್ಲಿ ನೋಂದಣಿಯಾಗಿದ್ದರೂ ದೇಶದಲ್ಲಿ ಆ ಯೋಜನೆಗೆ ಸೇರಿದ ಯಾವುದೇ ಆಸ್ಪತ್ರೆಯಲ್ಲಿ ಚಲಾವಣೆಯಾಗುತ್ತದೆ. ವಿಚಾರಣೆಗೆ 14555 ಸಂಖ್ಯೆ ಇದೆ. ಎಂಡಿಎಸ್‌ ಹೆಚ್ಚಾಗಿ ಬಾಧಿಸುವ ಹಿರಿಯರಿಗೆ ಇನ್ನೊಂದು ಅನುಕೂಲವೂ ಒದಗಿದೆ: 2024ರ ಅಕ್ಟೋಬರ್‌ನಿಂದ 70 ವರ್ಷ ತುಂಬಿದ ಎಲ್ಲರೂ ಆದಾಯದ ಪ್ರಶ್ನೆಯಿಲ್ಲದೆ ಆಯುಷ್ಮಾನ್ ವಯ ವಂದನಾ ಕಾರ್ಡಿಗೆ ಅರ್ಹರು.

ಈ ಯೋಜನೆಗಳ ವ್ಯಾಪ್ತಿಗೆ ಬಾರದ ಚಿಕಿತ್ಸೆಗೆ ಧರ್ಮಾದಾಯ ಆಸ್ಪತ್ರೆಗಳು ಉಳಿದಿರುತ್ತವೆ. ಟ್ರಸ್ಟ್‌ಗಳು ನಡೆಸುವ ಮುಂಬೈಯ ಹಲವು ದೊಡ್ಡ ಆಸ್ಪತ್ರೆಗಳು ಮಹಾರಾಷ್ಟ್ರ ಸಾರ್ವಜನಿಕ ನ್ಯಾಸ ಕಾಯ್ದೆಯ 41ಎಎ ಕಲಮಿಗೆ ಒಳಪಟ್ಟಿವೆ. 2004ರ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರಲ್ಲಿ ಬಾಂಬೆ ಹೈಕೋರ್ಟ್ 2006ರಲ್ಲಿ ಅನುಮೋದಿಸಿದ ಯೋಜನೆಯಂತೆ ಅವು ಶೇಕಡಾ 10 ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿಯೂ, ಇನ್ನೂ ಶೇಕಡಾ 10 ಹಾಸಿಗೆಗಳನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿಯೂ ಮೀಸಲಿಡಬೇಕು. ಒಟ್ಟು ಬಿಲ್ಲಿನ ಶೇಕಡಾ 2ನ್ನು ಬಡರೋಗಿಗಳ ನಿಧಿಗೆ ಸೇರಿಸಬೇಕು. ವಾರ್ಷಿಕ ಆದಾಯದ ಮಿತಿ ಮೊದಲನೆಯವರಿಗೆ 1,80,000 ರೂಪಾಯಿ, ಎರಡನೆಯವರಿಗೆ 3,60,000 ರೂಪಾಯಿ. ತುರ್ತು ಸ್ಥಿತಿಯಲ್ಲಿ ಠೇವಣಿ ಕೇಳದೆ ದಾಖಲಿಸಿಕೊಂಡು ಜೀವ ಉಳಿಸುವ ಚಿಕಿತ್ಸೆ ಕೊಡಬೇಕೆಂಬುದೂ ಹೈಕೋರ್ಟಿನ ಆ ಯೋಜನೆಯ ಭಾಗ. ಪ್ಲೇಟ್‌ಲೆಟ್ ಕುಸಿದು ರಕ್ತಸ್ರಾವವಾಗುತ್ತಿರುವಾಗ ಇದನ್ನು ನೆನಪಿಡಬೇಕು. ಆದಾಯ ಪ್ರಮಾಣಪತ್ರವನ್ನು ಮಲಾಡ್‌ನವರು ಬೋರಿವಲಿ ತಾಲ್ಲೂಕಿನ ತಹಸೀಲ್ದಾರರಿಂದ ಪಡೆಯಬೇಕು. ಹಾಸಿಗೆ ಖಾಲಿಯಿಲ್ಲ, ನಿಧಿ ಮುಗಿದಿದೆ ಎಂಬ ಉತ್ತರ ಬಂದರೆ ಅದನ್ನು ಬಾಯಿಮಾತಿನಲ್ಲಿ ಬಿಡದೆ ಆಸ್ಪತ್ರೆಯ ಸಮಾಜಸೇವಾ ಅಧಿಕಾರಿಯಿಂದ ಬರವಣಿಗೆಯಲ್ಲಿ ಕೇಳಿ, ವರ್ಲಿಯಲ್ಲಿರುವ ಧರ್ಮಾದಾಯ ಆಯುಕ್ತರ ಕಚೇರಿಗೆ ದೂರು ಕೊಡಬಹುದು.

ಮಕ್ಕಳ ವಿಷಯದಲ್ಲಿ ಎರಡು ದಾರಿಗಳು ಹತ್ತಿರವೇ ಇವೆ. ರಕ್ತದ ಕಾಯಿಲೆಯ ಮಕ್ಕಳಿಗಾಗಿ ಮಹಾನಗರ ಪಾಲಿಕೆ ನಡೆಸುವ ಮಜ್ಜೆ ಕಸಿ ಕೇಂದ್ರ ಬೋರಿವಲಿ ಪೂರ್ವದಲ್ಲಿದೆ. 2021ರ ರಾಷ್ಟ್ರೀಯ ವಿರಳ ರೋಗ ನೀತಿಯು ಫ್ಯಾಂಕೋನಿ ಅನೀಮಿಯಾವನ್ನು ಕಸಿಯಿಂದ ಗುಣಪಡಿಸಬಹುದಾದ ಮೊದಲ ಗುಂಪಿನಲ್ಲಿ ಸೇರಿಸಿದ್ದು, ಗೊತ್ತುಪಡಿಸಿದ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವು ದೊರೆಯಬಹುದು. ಪರೇಲಿನ ಕೆಇಎಂ ಆಸ್ಪತ್ರೆ ಅಂಥ ಕೇಂದ್ರ.

ಹೋಟೆಲು, ಕಾರ್ಖಾನೆಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವ ಇಎಸ್‌ಐ ವಿಮಾದಾರರಿಗೆ ವೈದ್ಯಕೀಯ ನೆರವಿನ ಜೊತೆಗೆ ವರ್ಷಕ್ಕೆ 91 ದಿನಗಳವರೆಗೆ ಶೇಕಡಾ 70ರಷ್ಟು ವೇತನ ದೊರೆಯುತ್ತದೆ, ಮತ್ತು ಆ ಅವಧಿಯಲ್ಲಿ ಮಾಲೀಕರು ಕೆಲಸದಿಂದ ತೆಗೆಯುವಂತಿಲ್ಲ. ಖಾಸಗಿ ಆರೋಗ್ಯ ವಿಮೆ ಇದ್ದವರು ಕ್ಲೇಮು ತಿರಸ್ಕೃತವಾದರೆ ಮೊದಲು ಕಂಪನಿಗೆ ಬರೆದು, 30 ದಿನಗಳಲ್ಲಿ ಸಮಾಧಾನ ಸಿಗದಿದ್ದರೆ ಸಾಂತಾಕ್ರೂಜ್‌ನಲ್ಲಿರುವ ವಿಮಾ ಒಂಬುಡ್ಸ್‌ಮನ್ ಬಳಿ ಶುಲ್ಕವಿಲ್ಲದೆ ದೂರು ನೀಡಬಹುದು.

ಕಸಿಗೆ ಅಥವಾ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಚಿಕಿತ್ಸೆಗೆ ಸಹಿ ಹಾಕಿಸಿಕೊಳ್ಳುವ ಮುನ್ನ ಅದರ ಅಪಾಯ, ಪರ್ಯಾಯ ಮತ್ತು ಫಲವನ್ನು ವೈದ್ಯರು ವಿವರಿಸಬೇಕೆಂದು ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ವಿಧಿಸಿದೆ. ಮರಾಠಿ, ಇಂಗ್ಲಿಷ್ ಬಾರದ ತಾಯಿಯೊಬ್ಬಳು ನಮೂನೆಗೆ ಹೆಬ್ಬೆಟ್ಟು ಒತ್ತುವ ಮೊದಲು ಅದನ್ನು ಕನ್ನಡದಲ್ಲಿ ಓದಿ ಹೇಳಿರೆಂದು ಕೇಳುವುದು ಉಪಕಾರ ಬೇಡಿದಂತಲ್ಲ, ಆಕೆಯ ಹಕ್ಕು. ಎರಡನೆಯ ಅಭಿಪ್ರಾಯಕ್ಕೆ ಬೇರೆ ಆಸ್ಪತ್ರೆಗೆ ಹೋಗುವವರು ದಾಖಲೆಗಳನ್ನು ಲಿಖಿತವಾಗಿ ಕೇಳಿದರೆ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ 72 ಗಂಟೆಗಳೊಳಗೆ ಒದಗಿಸಬೇಕು. ಇವುಗಳಲ್ಲಿ ಯಾವುದನ್ನು ನಿರಾಕರಿಸಿದರೂ, ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು ಮತ್ತು ಅಲ್ಪ ಆದಾಯದವರು 15100ಕ್ಕೆ ಕರೆಮಾಡಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಕೇಳಬಹುದು.