ನಾಲೆ ಸೀಮೆಯ ಮಕ್ಕಳಿಗೆ ಈಜಿನ ಪಾಠ

ನಾಲ್ಕನೇ ತರಗತಿಯ ಮಗನಿಗೆ ಈಜು ಕಲಿಸಿದರೆ ಭಯ ಬಿಟ್ಟು ಕೆರೆಗೆ ಇಳಿದುಬಿಟ್ಟಾನು ಎಂಬುದು ಕಟ್ಟಾಯದ ತಾಯಿಯೊಬ್ಬರ ಅಳುಕು. ಅಳುಕು ಸಹಜವೇ. ಆದರೆ ಗೊರೂರಿನ ಹೇಮಾವತಿ ಜಲಾಶಯ, ನಾಲೆ, ಕೆರೆ, ಕೃಷಿ ಹೊಂಡಗಳ ನಡುವೆ ಬೆಳೆಯುವ ಮಗುವನ್ನು ನೀರಿನಿಂದ ದೂರವಿಡುವುದು ಆಗದ ಮಾತು. ಕಲಿಸುವುದೇ ಸರಿ.

ಆರು ವರ್ಷ ದಾಟಿದ ಮಕ್ಕಳಿಗೆ ಈಜು, ನೀರಿನ ಎಚ್ಚರ, ಸುರಕ್ಷಿತ ರಕ್ಷಣೆ ಮೂರನ್ನೂ ಕಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈಜುಕೊಳವಿಲ್ಲ ಎಂಬುದು ನೆಪವಾಗಬಾರದು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಊರ ಕೊಳದೊಳಗೇ ಬಿದಿರಿನ ಅಟ್ಟಣೆ ಕಟ್ಟಿ, ತರಬೇತಿ ಪಡೆದವರಿಂದ ಕಲಿಸುತ್ತಾರೆ: 25 ಮೀಟರ್ ಈಜು, 30 ಸೆಕೆಂಡು ತೇಲುವಿಕೆ. ಪದಕಕ್ಕಲ್ಲ, ದಡ ಮುಟ್ಟಲು.

ನಮ್ಮ ಹಳ್ಳಿಗಳಲ್ಲೂ ಸೋರೆ ಬುರುಡೆ ಕಟ್ಟಿ ಕಲಿಸುವ ರೂಢಿಯಿತ್ತು. ಅದು ನಿಂತ ನೀರಿನ ವಿದ್ಯೆ. ನಾಲೆಯಲ್ಲಿ ಸೆಳೆತವಿದೆ, ಕಾಂಕ್ರೀಟ್ ಗೋಡೆಯಲ್ಲಿ ಹಿಡಿತವಿಲ್ಲ. ಹೊಂಡದ ಪ್ಲಾಸ್ಟಿಕ್ ಹಾಸು ಪಾಚಿಗಟ್ಟಿ ಜಾರುತ್ತದೆ, ಈಜು ಬಲ್ಲವರೂ ಹತ್ತಿ ಬರಲು ಒದ್ದಾಡುತ್ತಾರೆ. ಈ ಎಚ್ಚರವನ್ನೂ ರಕ್ಷಣೆಯ ರೀತಿಯನ್ನೂ ಶಾಲೆಯ ಅಂಗಳದಲ್ಲೇ ಕಲಿಸಬಹುದು, ನೀರೇ ಬೇಡ. ಗೆಳೆಯ ಮುಳುಗುತ್ತಿದ್ದರೆ ಕೂಗಬೇಕು, ಹಗ್ಗವನ್ನೋ ಮುಚ್ಚಳ ಬಿಗಿದ ಖಾಲಿ ಕ್ಯಾನನ್ನೋ ಎಸೆಯಬೇಕು, ತಾನು ಮಾತ್ರ ಇಳಿಯಲೇಬಾರದು.

ಬೇಸಿಗೆ ರಜೆಗೆ ಮೊದಲೇ ಆ ತಾಯಿ ಈಜು ಪಾಠದ ಮಾತನ್ನು ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ ಎತ್ತಲಿ. ಊರಿನ ಹೊಂಡಗಳಿಗೆ ಬೇಲಿಯನ್ನೂ, ಒಳಗೆ ಇಳಿಬಿಟ್ಟ ಗಂಟುಹಗ್ಗವನ್ನೂ ಪಂಚಾಯಿತಿಯಲ್ಲಿ ಕೇಳಲಿ.