ಬಾಗಿದ ಮರದ ಕುರ್ಚಿ

ಬಸವಕಲ್ಯಾಣ, ಹುಮನಾಬಾದುಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಊರುಗಳು. ಈ ಕಡೆಯಿಂದ ಹೈದರಾಬಾದಿಗೋ ಮುಂಬಯಿಗೋ ಹೋಗಿ ಅಲ್ಲಿಯ ಹಳೆಯ ಇರಾನಿ ಹೋಟೆಲಿನಲ್ಲಿ ಚಹ ಕುಡಿದವರು ಆ ಗುಂಡು ಬೆನ್ನಿನ ಕುರ್ಚಿಯನ್ನು ಕಂಡಿರುತ್ತಾರೆ. ಅದರ ಹಿಂದಿನ ಎರಡು ಕಾಲುಗಳೂ ಬೆನ್ನಿನ ಕಮಾನೂ ಒಂದೇ ಕೋಲು. ನಡುವೆ ಎಲ್ಲಿಯೂ ಬೆಸುಗೆಯಿಲ್ಲ. ಇಷ್ಟು ಸಣ್ಣ ಕೋಲು ಆಳಿನ ಭಾರವನ್ನು ಹೇಗೆ ತಾಳುತ್ತದೆ?

ಮರದ ನಾರುಗಳು ಉದ್ದಕ್ಕೆ ಸಾಗಿರುತ್ತವೆ. ಹಲಗೆಯಿಂದ ಕಮಾನನ್ನು ಕೊಯ್ದರೆ ತಿರುವಿನಲ್ಲಿ ನಾರು ತುಂಡಾಗುವುದು, ಮುರಿಯುವುದೂ ಅಲ್ಲಿಯೇ. ಬಾಗಿಸಿದ ಕೋಲಿನಲ್ಲಾದರೋ ನಾರು ತುದಿಯಿಂದ ತುದಿಗೆ ಅಖಂಡವಾಗಿರುತ್ತದೆ. ಈ ಗುಟ್ಟು ನಮ್ಮವರಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣ ಮೇದಾರ ಕೇತಯ್ಯನದು ಬಿದಿರಿನ ಕಾಯಕ. ಮೇದಾರರು ಬಿದಿರನ್ನು ನಾರಿನ ಗುಂಟ ಸೀಳಿಯೇ ಬುಟ್ಟಿ ಹೆಣೆಯುತ್ತಾರೆ. ಆದರೆ ತೆಳುವಾದ ಸೀಳು ಬಳುಕುವಂತೆ ದಪ್ಪ ಮರವು ಬಳುಕದು.

ಇಲ್ಲಿ ನೆರವಾಗುವುದು ಉಗಿ. ನಾರುಗಳನ್ನು ಬೆಸೆದಿರುವ ಲಿಗ್ನಿನ್ ಎಂಬ ದ್ರವ್ಯವು, ಮರ ಹಸಿಯಾಗಿದ್ದರೆ, 100 ಡಿಗ್ರಿ ಸೆಂಟಿಗ್ರೇಡಿನ ಉಗಿಯಲ್ಲಿ ಮೆತ್ತಗಾಗುವುದು. ಆಗ ಬೀಚ್ ಮರವನ್ನು ಉದ್ದಕ್ಕೆ ಕಾಲುಭಾಗದಷ್ಟು ಒತ್ತಿ ಕುಗ್ಗಿಸಬಹುದು. ಹಿಗ್ಗಿಸಹೋದರೆ ಮಾತ್ರ ನೂರಕ್ಕೆ ಒಂದೆರಡು ಪಾಲಿಗೇ ಹರಿಯುತ್ತದೆ! ಬಾಗುವಾಗ ಹೊರಮೈ ಹಿಗ್ಗಲೇಬೇಕಷ್ಟೆ. ರೈನ್ ನದಿಯ ದಡದ ಬೊಪ್ಪಾರ್ಡಿನಲ್ಲಿ 1796ರಲ್ಲಿ ಹುಟ್ಟಿ, 1842ರಲ್ಲಿ ವಿಯೆನ್ನಾ ಸೇರಿದ ಬಡಗಿ ಮಿಖಾಯೆಲ್ ಥೋನೆಟ್ ಇದಕ್ಕೆ ಉಪಾಯ ಕಂಡನು. ಹೊರಮೈಗೆ ಲೋಹದ ಪಟ್ಟಿಯನ್ನಿಟ್ಟು ಕೋಲಿನ ಎರಡು ತುದಿಗಳನ್ನೂ ಅದಕ್ಕೆ ಬಿಗಿದರೆ, ಹೊರಮೈ ಹಿಗ್ಗದೆ ಒಳಮೈಯೇ ಕುಗ್ಗುತ್ತದೆ. ಅಚ್ಚಿನಲ್ಲಿಯೇ ಒಣಗಿಸಿದಾಗ ಆಕಾರ ನಿಲ್ಲುತ್ತದೆ.

1859ರ ಅವನ 14ನೆಯ ಮಾದರಿಯಲ್ಲಿ ಮರದ ತುಂಡುಗಳು ಆರೇ. ಜೊತೆಗೆ ಹತ್ತು ತಿರುಪು, ಎರಡು ನಟ್ಟು. ಬಿಚ್ಚಿದ 36 ಕುರ್ಚಿಗಳು ಒಂದು ಘನಮೀಟರಿನ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದುವು. ಹಡಗಿನ ವ್ಯಾಪಾರಕ್ಕೆ ಬೇರೇನು ಬೇಕು! 1869ರಲ್ಲಿ ಪೇಟೆಂಟು ಮುಗಿಯಲು ಇತರ ಕಾರಖಾನೆಗಳೂ ಇದನ್ನು ಮಾಡತೊಡಗಿದುವು.

ಮನೆಯಲ್ಲಿ ಇಂತಹ ಹಳೆಯ ಕುರ್ಚಿಯಿದ್ದರೆ ಗುಜರಿಗೆ ಹಾಕುವ ಮುನ್ನ ಕೂರುವ ಬಳೆಯ ಕೆಳಮೈಯನ್ನು ನೋಡಬೇಕು. ಅಲ್ಲಿ ಚೀಟಿಯೋ ಮುದ್ರೆಯೋ ಉಳಿದಿರುವುದುಂಟು. ಚೆಕೊಸ್ಲೊವಾಕಿಯಾ ಎಂದಿದ್ದರೆ ಅದು 1918ರ ಈಚಿನದು, ಏಕೆಂದರೆ ಆ ದೇಶ ಹುಟ್ಟಿದ್ದೇ ಆಗ. ಕುರ್ಚಿ ಅಲುಗಾಡಿದರೆ ತಿರುಪನ್ನು ಬಿಗಿಯಬೇಕೇ ಹೊರತು ಮೊಳೆ ಹೊಡೆಯಬಾರದು. ಮೊಳೆಯು ನಾರನ್ನು ಸೀಳಿ ಕಮಾನಿನ ಬಲವನ್ನೇ ಕಳೆಯುವುದು. ಬೆತ್ತದ ಹೆಣಿಗೆ ಜೋತುಬಿದ್ದು ಇನ್ನೂ ಹರಿಯದಿದ್ದರೆ, ಕೆಳಗಿನಿಂದ ಒದ್ದೆಬಟ್ಟೆಯಲ್ಲಿ ನೆನೆಸಿ ನೆರಳಿನಲ್ಲಿ ಒಣಗಿಸಿರಿ; ಮತ್ತೆ ಬಿಗಿಯುತ್ತದೆ.