ಕರುಳಿನ ಜೀವಾಣುಗಳೂ ಮುಪ್ಪಿನ ಮರೆವೂ

ನಮ್ಮ ಮನೆಗಳಲ್ಲಿ ಅಜ್ಜಿಯು ಮೊಮ್ಮಗನನ್ನು ಮಗನ ಹೆಸರಿನಿಂದ ಕರೆಯುವುದುಂಟು. ಅಷ್ಟು ಮರೆವು ಮುಪ್ಪಿಗೆ ಸಹಜವಾದುದು. ಆದರೆ ದಿನವೂ ನಡೆದ ದಾರಿ ತಪ್ಪಿದರೆ, ಉಂಡುದೇ ನೆನಪಿಲ್ಲದಿದ್ದರೆ ಅದು ಮಿದುಳಿನ ರೋಗ, ನಗತಕ್ಕ ವಿಷಯವಲ್ಲ. 1906ರಲ್ಲಿ ಜರ್ಮನಿಯ ವೈದ್ಯನಾದ ಆಲ್ಜೈಮರನು ಇಂತಹ ರೋಗವೊಂದನ್ನು ಮೊದಲು ವಿವರಿಸಿದನು.

ಇದಕ್ಕೂ ಹೊಟ್ಟೆಗೂ ಏನು ಸಂಬಂಧವೆಂದು ನೀವು ಕೇಳಬಹುದು. ನಮ್ಮ ದೊಡ್ಡ ಕರುಳಿನಲ್ಲಿ ಕೋಟ್ಯನುಕೋಟಿ ಜೀವಾಣುಗಳು ವಾಸಿಸುತ್ತವೆ. ಜೋಳದ ರೊಟ್ಟಿ, ಕಾಳು, ಸೊಪ್ಪುಗಳಲ್ಲಿ ನಾವು ಅರಗಿಸಲಾರದ ನಾರನ್ನು ಅವು ಹುದುಗಿಸಿ ಬ್ಯುಟಿರೇಟ್ ಎಂಬ ಪದಾರ್ಥವನ್ನುಂಟುಮಾಡುತ್ತವೆ. ಭಾರತೀಯರ ಕರುಳಿನಲ್ಲಿ ಪ್ರಿವೊಟೆಲ್ಲ ಎಂಬ ಜೀವಾಣು ಹೇರಳವೆಂಬುದನ್ನು ನಮ್ಮ ಪುಣೆಯ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರದವರೂ ಕಂಡಿದ್ದಾರೆ.

ಇನ್ನು ಜೀವಕೋಶದೊಳಕ್ಕೆ ಹೋಗೋಣ. ಅಲ್ಲಿ ಡಿ.ಎನ್.ಎ. ಎಂಬ ನೀಳವಾದ ಎಳೆಯು, ಉರುಳೆಗೆ ದಾರ ಸುತ್ತಿದಂತೆ, ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿದೆ. ಬಿಗಿಯಾಗಿ ಸುತ್ತಿದೆಡೆ ಜೀನುಗಳು ಸುಮ್ಮನಿರುತ್ತವೆ. ಸಡಿಲವಾದೆಡೆ ಕೆಲಸಕ್ಕೆ ತೊಡಗುತ್ತವೆ. ಪುಸ್ತಕದ ಅಕ್ಷರ ಬದಲಾಗದೆ, ತೆರೆಯುವ ಪುಟ ಮಾತ್ರ ಬದಲಾದಂತೆ! ಇಂತಹ ಮಾರ್ಪಾಡಿಗೆ ಎಪಿಜೆನೆಟಿಕ್ ಎಂದು ಹೆಸರು. ವಯಸ್ಸಾದಂತೆ ಇದು ಮಿದುಳಿನಲ್ಲಿಯೂ ಆಗುತ್ತದೆ. ಸುತ್ತನ್ನು ಬಿಗಿಗೊಳಿಸುವ ಕಿಣ್ವಗಳನ್ನು ಬ್ಯುಟಿರೇಟ್ ತಡೆಯುತ್ತದೆ. 2007ರಲ್ಲಿ ಅಮೆರಿಕದ ವಿಜ್ಞಾನಿಗಳು ನರಕೋಶಗಳು ನಶಿಸಿದ್ದ ಇಲಿಗಳಿಗೆ ಅದರ ಲವಣವನ್ನು ಚುಚ್ಚಿ ಕೊಟ್ಟಾಗ, ಅವು ಮರೆತಿದ್ದ ಪಾಠವು ಮರಳಿ ನೆನಪಾಯಿತು.

ಇಷ್ಟರಿಂದಲೇ ರೊಟ್ಟಿ ತಿಂದ ಅಜ್ಜಿಗೆ ನೆನಪು ಮರಳುವುದೆಂದು ನಾವು ಹೇಳಲಾರೆವು. ಹಾಗೆ ಹೇಳಿ ಔಷಧ ಮಾರುವವರನ್ನು ನಂಬಲೂಬಾರದು. ಇಲಿಯ ಆಯುಸ್ಸು ಎರಡು ಮೂರು ವರ್ಷ. ಮನುಷ್ಯನ ಮರೆವಾದರೋ ಹತ್ತಾರು ವರ್ಷಗಳಲ್ಲಿ ಬೆಳೆಯುವಂಥದು. ಅದನ್ನರಿಯಲು ದೀರ್ಘಕಾಲದ ಅವಲೋಕನ ಬೇಕು. ಬೆಂಗಳೂರಿನ ಮಿದುಳು ಸಂಶೋಧನ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ತುಂಬಿದ ಸಾವಿರಾರು ಮಂದಿಯ ನೆನಪನ್ನೂ ರಕ್ತವನ್ನೂ ಮತ್ತೆ ಮತ್ತೆ ಪರೀಕ್ಷಿಸುವ ಕಾರ್ಯವನ್ನು ಕೈಗೊಂಡಿದ್ದಾರೆ.